ಎಜೀರಿಯಳ ಯಾತ್ರಾವೃತ್ತಾಂತದಲ್ಲಿ ಋಣಸ್ಮರಣೆ

ಕ್ರಿ. ಶ. 381-384ರ ಸುಮಾರಿನಲ್ಲಿ ಪಶ್ಚಿಮ ಯೂರೋಪಿನಿಂದ ಜೆರೂಸಲೇಮಿಗೆ ಬಂದಿದ್ದ ಎಜೀರಿಯಾ ಎಂಬ ಕ್ರೈಸ್ತಸ್ತ್ರೀಯು ಸ್ವದೇಶದ ‘ಸೋದರಿ’ಯರಿಗೆ ಬರೆದ ಲ್ಯಾಟಿನ್ ವೃತ್ತಾಂತವು 1884ರಲ್ಲಿ ಇಟಲಿಯ ಅರೆಟ್ಸೊ ನಗರದಲ್ಲಿ ದೊರೆಯಿತು. ಆದ್ಯಂತಗಳು ಲುಪ್ತವಾಗಿವೆ. ವಿದ್ವಾಂಸರು ಇದನ್ನು ವಿಶೇಷವಾಗಿ ಪೂಜಾವಿಧಿಗಳ ಇತಿಹಾಸಕ್ಕೆ ಬಳಸಿರುವರು. ಸಹಯಾತ್ರಿಕರ ಬಾಳಿಗೂ ಇದು ಅಷ್ಟೇ ಉತ್ತಮವಾದ ಆಧಾರ.

ಸೀನಾಯಿ ಬೆಟ್ಟದ ಮೇಲೆ ಪ್ರಾರ್ಥನೆ ಮುಗಿಸಿದ ತಂಡಕ್ಕೆ ಅಲ್ಲಿಯ ಪಾದ್ರಿಗಳು ಹಣ್ಣುಗಳನ್ನು ಪ್ರಸಾದವಾಗಿ ಕೊಟ್ಟರು. ಪೊದೆಯೂ ಬೆಳೆಯದ ಆ ಬಂಡೆಯ ಬುಡದಲ್ಲಿ, ಇದ್ದಷ್ಟು ಮಣ್ಣಿನಲ್ಲಿ, ಸನ್ಯಾಸಿಗಳು ಸ್ವಹಸ್ತದಿಂದ ತೋಟಮಾಡಿ ಬೆಳೆದ ಫಲಗಳವು. ಅವರ ಈ ಶ್ರಮವನ್ನು ಅವಳು ಮರೆಯದೆ ಬರೆದಿದ್ದಾಳೆ. ಕಾವಲಿದ್ದ ರೋಮನ್ ಸೈನಿಕರೂ ಅವಳ ಸ್ಮರಣೆಗೆ ಪಾತ್ರರು. ಆದರೆ ಉಪಕಾರಮಾಡಿದ ಬಿಷಪ್ಪರಲ್ಲಿ ಒಬ್ಬರ ಹೆಸರನ್ನೂ ಹೇಳಳು. ಸೆಲ್ಯೂಕಿಯದಲ್ಲಿ, ಸಂತ ತೆಕ್ಲಳ ಸನ್ನಿಧಿಯಲ್ಲಿ, ಜೆರೂಸಲೇಮಿನ ಗೆಳತಿಯೊಬ್ಬಳು ಮತ್ತೆ ದೊರೆತಾಗ ಇಬ್ಬರಿಗೂ ಆದ ಹರ್ಷವನ್ನು ಬರೆಯಲಾದೀತೇ ಎನ್ನುತ್ತಾಳೆ. ಉಳಿದಿರುವ ಭಾಗದಲ್ಲಿ ಹೆಸರಿನಿಂದ ತಿಳಿದುಬರುವ ಸಮಕಾಲೀನೆ ಇವಳೊಬ್ಬಳೇ: ಮಾರ್ಥಾನಾ.