ಕ್ರೈಸ್ತಧರ್ಮ ಮತ್ತು ಜಾತಿ ತಾರತಮ್ಯ

ಭಾರತದ ಕ್ರೈಸ್ತ ಸಮುದಾಯಗಳಲ್ಲಿ ಜಾತಿಭೇದದ ಆಚರಣೆ, ಅದರ ಕುರಿತು ಚರ್ಚುಗಳು ತಳೆದ ನಿಲುವು ಹಾಗೂ ಅದರ ಕಾನೂನಾತ್ಮಕ ಪರಿಣಾಮಗಳು ಈ ಲೇಖನದ ವಿಷಯ. ಕ್ರೈಸ್ತ ಬೋಧನೆಯು ಜಾತಿಯನ್ನು ಒಪ್ಪುವುದಿಲ್ಲವಾದರೂ, ಮತಾಂತರದ ನಂತರವೂ ವಿವಾಹ, ಆಸನ ವ್ಯವಸ್ಥೆ, ಸ್ಮಶಾನ ಮತ್ತು ಚರ್ಚಿನ ನಾಯಕತ್ವದಲ್ಲಿ ಜಾತಿ ಉಳಿದುಬಂದಿದೆ.

ಬೋಧನೆ

ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವು, ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ, ಸ್ತ್ರೀ–ಪುರುಷ ಎಂಬ ಭೇದಗಳು ಕ್ರಿಸ್ತನಲ್ಲಿ ಇಲ್ಲವೆಂದು ಸಾರುತ್ತದೆ. ಎಲ್ಲರಿಗೂ ಒಂದೇ ದೀಕ್ಷಾಸ್ನಾನ, ಎಲ್ಲರೂ ಒಂದೇ ಪಾತ್ರೆಯಲ್ಲಿ ಪಾಲುಗೊಳ್ಳುವ ಪ್ರಭುಭೋಜನ ಸಂಸ್ಕಾರ ಇವು ಈ ಸಮಾನತೆಯ ಕುರುಹುಗಳೆನಿಸಿವೆ.

ಇತಿಹಾಸ

ಜಾತಿಯು ಧಾರ್ಮಿಕ ದೋಷವೇ ಅಥವಾ ಕೇವಲ ಲೌಕಿಕ ರೂಢಿಯೇ ಎಂಬ ಪ್ರಶ್ನೆಯು ಮಿಷನರಿಗಳನ್ನು ದೀರ್ಘಕಾಲ ಕಾಡಿತು. 1606ರಲ್ಲಿ ಮದುರೈಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿಯು ಅದನ್ನು ಲೌಕಿಕ ರೂಢಿಯೆಂದು ಭಾವಿಸಿ, ಬ್ರಾಹ್ಮಣ ಸಂನ್ಯಾಸಿಯ ಜೀವನಕ್ರಮವನ್ನು ಅಳವಡಿಸಿಕೊಂಡನು. 1623ರಲ್ಲಿ ಪೋಪ್ 15ನೆಯ ಗ್ರೆಗರಿಯು ಮತಾಂತರಿತ ಬ್ರಾಹ್ಮಣರು ಜನಿವಾರ ಧರಿಸಲು ಷರತ್ತುಬದ್ಧ ಅನುಮತಿ ನೀಡಿದನು.

ಪ್ರಾಟೆಸ್ಟಂಟರಲ್ಲಿ ವಿರೋಧವು ಕ್ರಮೇಣ ಬಲಗೊಂಡಿತು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಜಾತಿಭೇದವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಆದೇಶಿಸಿದಾಗ ದಕ್ಷಿಣದ ಹಲವು ಸಭೆಗಳು ಪ್ರತಿಭಟಿಸಿದವು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು ಸಹಭೋಜನವನ್ನು ಜಾತಿತ್ಯಾಗದ ಪರೀಕ್ಷೆಯಾಗಿ ಸ್ವೀಕರಿಸಿತು. ಲೈಪ್ಸಿಗ್‌ನ ಲೂಥರನ್ ಮಿಷನ್ ಇದನ್ನು ಒಪ್ಪಲಿಲ್ಲ.

ಕರ್ನಾಟಕದಲ್ಲಿ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿಯನ್ನು ನಿರಾಕರಿಸಿತು. ಮತಾಂತರಗೊಂಡವರಲ್ಲಿ ಬಿಲ್ಲವರು ಹೆಚ್ಚಾಗಿದ್ದರು. ಜಾತಿಯಿಂದ ಹೊರಬಿದ್ದವರು ಕುಲಕಸುಬನ್ನೂ ಕುಟುಂಬದ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಮಿಷನ್ ನೇಯ್ಗೆ, ಮುದ್ರಣ ಮತ್ತು ಹೆಂಚಿನ ಉದ್ಯಮಗಳಲ್ಲಿ ಕೆಲಸ ಒದಗಿಸಿತು. ಅದರ ಮೊದಲ ಹೆಂಚಿನ ಕಾರ್ಖಾನೆ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಗೋವೆಯಿಂದ ವಲಸೆ ಬಂದ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಮುಂತಾದ ವಿಭಾಗಗಳು ವಿವಾಹ ಸಂಬಂಧಗಳಲ್ಲಿ ಉಳಿದುಬಂದವು.

ದಲಿತ ಕ್ರೈಸ್ತರು

ತಮಿಳುನಾಡಿನ ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯು ಬಹುಕಾಲ ವಿವಾದಕ್ಕೆ ಕಾರಣವಾಯಿತು. ಇಂತಹ ಅನುಭವಗಳ ಹಿನ್ನೆಲೆಯಲ್ಲಿ ದಲಿತ ದೇವಶಾಸ್ತ್ರವು ರೂಪುಗೊಂಡಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸವನ್ನು ಅದರ ಆರಂಭಬಿಂದುವೆಂದು ಪರಿಗಣಿಸಲಾಗುತ್ತದೆ. ಪೋಪ್ ಎರಡನೆಯ ಜಾನ್ ಪಾಲ್ 2003ರಲ್ಲಿ ತಮಿಳುನಾಡಿನ ಬಿಷಪರನ್ನು ಉದ್ದೇಶಿಸಿ ಮಾತನಾಡುತ್ತಾ ಜಾತಿ ಪೂರ್ವಗ್ರಹವನ್ನು ಖಂಡಿಸಿದರು. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಿತು.

ಕಾನೂನಿನ ಸ್ಥಾನಮಾನ

1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶವು ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲ್ಪಟ್ಟಿತು. ದಲಿತ ಕ್ರೈಸ್ತರು ಇದರ ಹೊರಗಿದ್ದಾರೆ. ಮತಾಂತರದ ನಂತರವೂ ಜಾತಿಯ ಬಾಧೆ ಅದೇ ತೀವ್ರತೆಯಲ್ಲಿ ಮುಂದುವರಿದಿದೆ ಎಂಬುದನ್ನು ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1985ರ ಸೂಸೈ ಪ್ರಕರಣದಲ್ಲಿ ಹೇಳಿತು. ಹೀಗಾಗಿ, ತಮ್ಮ ಧರ್ಮ ನಿರಾಕರಿಸುವ ಜಾತಿಯು ತಮ್ಮ ಸಭೆಗಳಲ್ಲಿ ಜೀವಂತವಾಗಿದೆಯೆಂದು ದಲಿತ ಕ್ರೈಸ್ತರೇ ತೋರಿಸಿಕೊಡಬೇಕಾಯಿತು. ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮದಿಂದ ಬೇರ್ಪಡಿಸುವಂತೆ ರಂಗನಾಥ ಮಿಶ್ರಾ ಆಯೋಗವು 2007ರಲ್ಲಿ ಶಿಫಾರಸು ಮಾಡಿತು. ಈ ಪ್ರಶ್ನೆಯ ಪರಿಶೀಲನೆಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗವನ್ನು ನೇಮಿಸಿತು.