ಬೀಟಾ ಎಚ್‌ಸಿಜಿ
ಗರ್ಭಧಾರಣೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯ ಈ ಹೆಸರು ‘ಹ್ಯೂಮನ್ ಕೋರಿಯಾನಿಕ್ ಗೊನಡೊಟ್ರೋಪಿನ್’ ಎಂಬುದರ ಹ್ರಸ್ವರೂಪಕ್ಕೆ ಗ್ರೀಕ್ ಅಕ್ಷರವೊಂದು ಸೇರಿ ಆದದ್ದು. ಗ್ರೀಕ್‌ನಲ್ಲಿ ‘ಕೋರಿಯಾನ್’ ಎಂದರೆ ಭ್ರೂಣವನ್ನು ಆವರಿಸಿದ ಹೊರಪೊರೆ. ‘ಗೊನೆ’ ಎಂದರೆ ಬೀಜ, ಅದರಿಂದಲೇ ಅಂಡಾಶಯ ಮತ್ತು ವೃಷಣಗಳಿಗೆ ‘ಗೊನಾಡ್’ ಎಂಬ ಸಾಮಾನ್ಯನಾಮ. ‘ಟ್ರೋಪೊಸ್’ ಎಂದರೆ ತಿರುವು. ಮುಂದೆ ಮಾಸಾಗಿ ಬೆಳೆಯುವ ಪೊರೆಯಲ್ಲಿ ಹುಟ್ಟಿ, ಅಂಡಾಶಯದತ್ತ ಸಾಗಿ, ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಸ್ರವಿಕೆ ನಿಲ್ಲದಂತೆ ನೋಡಿಕೊಳ್ಳುವ ಹಾರ್ಮೋನಿಗೆ ಈ ಹೆಸರು ತೊಡಕಾದರೂ ತಕ್ಕುದೇ ಆಗಿದೆ.

1920ರ ದಶಕದ ಕೊನೆಗೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವಿಜ್ಞಾನಿಗಳು ಸ್ತ್ರೀಯರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಅವುಗಳ ಅಂಡಾಶಯದ ಬದಲಾವಣೆಯಿಂದ ಗರ್ಭವನ್ನು ಗುರುತಿಸುತ್ತಿದ್ದರು. ಈ ಹಾರ್ಮೋನಿನ ಎರಡು ಸರಪಳಿಗಳಲ್ಲಿ ‘ಆಲ್ಫಾ’ ಎಂಬುದು ಪಿಟ್ಯುಟರಿ ಗ್ರಂಥಿಯ ಬೇರೆ ಮೂರು ಹಾರ್ಮೋನುಗಳಲ್ಲಿಯೂ ಇರುವುದರಿಂದ ಗೊಂದಲಕ್ಕೆ ಎಡೆಯಿತ್ತು. ವಿಶಿಷ್ಟವಾದ ‘ಬೀಟಾ’ ಸರಪಳಿಯನ್ನು ಆಧರಿಸಿದ ಅಳತೆ 1972ರಲ್ಲಿ ಪ್ರಕಟವಾಯಿತು.

ಪರೀಕ್ಷೆಗೆ ಉಪವಾಸ ಬೇಕಿಲ್ಲ, ತೋಳಿನ ರಕ್ತನಾಳದ ತುಸು ರಕ್ತ ಸಾಕು. ಪ್ರತಿ ಮಿಲಿಲೀಟರಿಗೆ 5 ಮಿಲಿ ಅಂತರರಾಷ್ಟ್ರೀಯ ಘಟಕಗಳಿಗಿಂತ ಕಡಿಮೆಯಿದ್ದರೆ ಗರ್ಭವಿಲ್ಲವೆಂದೂ 25ನ್ನು ಮೀರಿದರೆ ಇದೆಯೆಂದೂ ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆದರೆ ಒಂಟಿ ಅಂಕಿಗಿಂತ ಏರಿಕೆಯ ಗತಿಯೇ ಮುಖ್ಯವಾದ್ದರಿಂದ, ವೈದ್ಯರು ಸಂದೇಹವಿದ್ದಾಗ 48 ಗಂಟೆಗಳ ಬಳಿಕ ಮತ್ತೊಮ್ಮೆ ರಕ್ತ ಕೇಳುತ್ತಾರೆ. ಮೊದಲ ವಾರಗಳಲ್ಲಿ ಎರಡು ಮೂರು ದಿನಗಳಿಗೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗಬೇಕಾದ ಪ್ರಮಾಣ ನಿಧಾನವಾಗಿ ಏರಿದರೆ ಗರ್ಭನಾಳದಲ್ಲಿ ನೆಲೆಸಿದ ಗರ್ಭದ ಅಥವಾ ಗರ್ಭಪಾತದ ಶಂಕೆ ಮೂಡುತ್ತದೆ, ಅದನ್ನು ತೀರ್ಮಾನಿಸಲು ಸ್ಕ್ಯಾನಿಂಗ್ ಬೇಕಾಗುತ್ತದೆ.