ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯ: ಪೋಷಕರು ಹಾಗೂ ಶಾಲಾ ಮುಖ್ಯಸ್ಥರಿಗೆ ಮಾಹಿತಿ

ಪೀಠಿಕೆ

ಶಾಲಾ ಮಕ್ಕಳು ವಿಜ್ಞಾನ, ಗಣಿತ ಮತ್ತು ತಂತ್ರಜ್ಞಾನವನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಓದುವುದರ ಜೊತೆಗೆ, ಇವೆಲ್ಲವನ್ನೂ ಒಂದೇ ಕೆಲಸದಲ್ಲಿ ಬಳಸಿ ತಮ್ಮ ಕೈಯಿಂದಲೇ ವಸ್ತುಗಳನ್ನು ತಯಾರಿಸಲು ಅನುವಾಗುವಂತೆ ಕೇಂದ್ರ ಸರ್ಕಾರದ ನೀತಿ ಆಯೋಗವು 2016ರಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಅನ್ನು ಆರಂಭಿಸಿ, ಅದರ ಅಡಿಯಲ್ಲಿ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಮಂಜೂರು ಮಾಡುತ್ತಾ ಬಂದಿರುತ್ತದೆ. ದೇಶದಾದ್ಯಂತ ಈವರೆಗೆ ಸುಮಾರು 10,000 ಪ್ರಯೋಗಾಲಯಗಳು ಸ್ಥಾಪನೆಯಾಗಿದ್ದು, ಕರ್ನಾಟಕದ ಶಾಲೆಗಳೂ ಇದರಲ್ಲಿ ಸೇರಿವೆ. 2025-26ನೇ ಸಾಲಿನ ಕೇಂದ್ರ ಆಯವ್ಯಯದಲ್ಲಿ, ಮುಂದಿನ 5 ವರ್ಷಗಳ ಅವಧಿಯಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ ಘೋಷಿಸಲಾಗಿದೆ.

6ರಿಂದ 12ನೇ ತರಗತಿಯವರೆಗಿನ ವಿದ್ಯಾರ್ಥಿಗಳು ಈ ಪ್ರಯೋಗಾಲಯದ ಫಲಾನುಭವಿಗಳಾಗಿರುತ್ತಾರೆ. ಮಂಜೂರಾತಿ ದೊರೆತು, ಸಲಕರಣೆ ಬಂದು, ಕೊಠಡಿಗೆ ಬಣ್ಣ ಬಳಿದ ಮಾತ್ರಕ್ಕೆ ಯೋಜನೆಯ ಉದ್ದೇಶ ಈಡೇರಿತೆಂದು ಭಾವಿಸುವಂತಿಲ್ಲ. ಸಲಕರಣೆಯು ಮಗುವಿನ ಕೈಗೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಆದ್ದರಿಂದ ಅರ್ಜಿ ಸಲ್ಲಿಸುವ ವಿಧಾನದ ಜೊತೆಗೆ, ಮಂಜೂರಾದ ಪ್ರಯೋಗಾಲಯವನ್ನು ತೆರೆದಿಡುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಪ್ರಯೋಗಾಲಯದಲ್ಲಿ ನಡೆಯುವುದೇನು

ಯೋಜನೆಯ ಮಾರ್ಗಸೂಚಿಯಂತೆ ಸಲಕರಣೆಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ. ಇಲೆಕ್ಟ್ರಾನಿಕ್ಸ್, ರೋಬೋಟಿಕ್ಸ್ ಮತ್ತು ಸಂವೇದಕಗಳು ಮೊದಲನೆಯದು. ತ್ರಿಆಯಾಮದ ಮುದ್ರಣ ಯಂತ್ರ ಮುಂತಾದ ಮಾದರಿ ತಯಾರಿಕಾ ಸಾಧನಗಳು ಎರಡನೆಯದು. ಯಾಂತ್ರಿಕ, ವಿದ್ಯುತ್ ಹಾಗೂ ಅಳತೆಯ ಉಪಕರಣಗಳು ಮೂರನೆಯದು. ವಿದ್ಯುತ್ ಪೂರೈಕೆ ಮತ್ತು ಸುರಕ್ಷತಾ ಸಾಮಗ್ರಿಗಳು ನಾಲ್ಕನೆಯದು.

ಈ ಪಟ್ಟಿಯನ್ನು ಓದಿದ ಪೋಷಕರಿಗೆ ಮಕ್ಕಳು ಅಲ್ಲಿ ಏನು ಕಲಿಯುತ್ತಾರೆ ಎಂಬುದು ಸ್ಪಷ್ಟವಾಗಲಾರದು. ಆದುದರಿಂದ ಒಂದು ಉದಾಹರಣೆಯನ್ನು ನೋಡಬಹುದು. ಶಾಲೆಯ ಛಾವಣಿಯ ಮೇಲಿನ ನೀರಿನ ಟ್ಯಾಂಕು ತುಂಬಿ ಹರಿಯುವುದು ಬಹುತೇಕ ಊರುಗಳಲ್ಲಿ ಕಾಣುವ ದೃಶ್ಯ. ಇದನ್ನು ತಡೆಯಲು ಟ್ಯಾಂಕಿನ ಮುಚ್ಚಳಕ್ಕೆ ಶ್ರವಣಾತೀತ ಶಬ್ದದ ಸಂವೇದಕವೊಂದನ್ನು ಅಳವಡಿಸಿ, ಅದನ್ನು ಆರ್ಡುಯಿನೊ ಎಂಬ ಸಣ್ಣ ನಿಯಂತ್ರಕ ಫಲಕಕ್ಕೆ ಜೋಡಿಸಲಾಗುತ್ತದೆ. ಸಂವೇದಕವು ಮನುಷ್ಯರ ಕಿವಿಗೆ ಕೇಳಿಸದ, ಸೆಕೆಂಡಿಗೆ ಸುಮಾರು 40,000 ಕಂಪನಗಳ ಶಬ್ದವನ್ನು ಹೊರಡಿಸುತ್ತದೆ. ಆ ಶಬ್ದ ನೀರಿನ ಮೇಲ್ಮೈಗೆ ತಗುಲಿ ಮರಳಿ ಬರಲು ತೆಗೆದುಕೊಂಡ ಕಾಲವನ್ನು ಫಲಕವು ಅಳೆಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ವೇಗವನ್ನು ಕಾಲದಿಂದ ಗುಣಿಸಿ, ಹೋಗಿ ಬರುವ ದಾರಿಯಾದ್ದರಿಂದ ಎರಡರಿಂದ ಭಾಗಿಸಿದರೆ ನೀರು ಎಷ್ಟು ಕೆಳಗಿದೆ ಎಂಬುದು ತಿಳಿಯುತ್ತದೆ. ಇಲ್ಲಿಯವರೆಗಿನದು ಭೌತವಿಜ್ಞಾನದ ಪಾಠ.

ಟ್ಯಾಂಕಿನ ಒಳವ್ಯಾಸ 1 ಮೀಟರ್ ಇದ್ದಲ್ಲಿ, ಪ್ರತಿ 1 ಸೆಂಟಿಮೀಟರ್ ಎತ್ತರದ ನೀರು ಸುಮಾರು 7.85 ಲೀಟರ್ ಆಗುತ್ತದೆ. ಸಿಲಿಂಡರಿನ ಘನಫಲದ ಸೂತ್ರವನ್ನು ಗಣಿತದ ತರಗತಿಯಲ್ಲಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಆ ಸೂತ್ರ ಇಲ್ಲಿ ಲೀಟರಿನ ಲೆಕ್ಕವಾಗಿ ಎದುರಾಗುತ್ತದೆ. ಇನ್ನು ಬೇಸಿಗೆಯಲ್ಲಿ ಟ್ಯಾಂಕಿನೊಳಗಿನ ಗಾಳಿ 35 ಡಿಗ್ರಿಗೆ ಏರಿದಾಗ ಶಬ್ದದ ವೇಗವೂ ಸುಮಾರು 352 ಮೀಟರಿಗೆ ಏರುತ್ತದೆ. ನಿಜವಾಗಿ 1 ಮೀಟರ್ ಕೆಳಗಿರುವ ನೀರನ್ನು ಉಪಕರಣವು ಸುಮಾರು 97.5 ಸೆಂಟಿಮೀಟರ್ ಕೆಳಗಿದೆಯೆಂದು ತೋರಿಸಿ, ಇಲ್ಲದ 20 ಲೀಟರ್ ನೀರನ್ನು ಇದೆಯೆಂದು ಹೇಳುತ್ತದೆ. ಅಳತೆಗೋಲು ಇಳಿಬಿಟ್ಟು ಪರೀಕ್ಷಿಸಿದ ವಿದ್ಯಾರ್ಥಿಗೆ ಈ ವ್ಯತ್ಯಾಸ ಕಂಡುಬರುತ್ತದೆ. ಅದರ ಕಾರಣವನ್ನು ಹುಡುಕಿ, ಉಷ್ಣತಾ ಸಂವೇದಕವೊಂದನ್ನು ಸೇರಿಸಿ, ಫಲಕಕ್ಕೆ ಬರೆದ ಆದೇಶಗಳನ್ನು ತಿದ್ದುವ ಹೊತ್ತಿಗೆ ಆ ವಿದ್ಯಾರ್ಥಿಯು ಭೌತವಿಜ್ಞಾನ, ಗಣಿತ, ಗಣಕ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ನಾಲ್ಕು ವಿಷಯಗಳನ್ನು ಬೇರೆ ಬೇರೆಯಾಗಿ ಎಣಿಸುವುದನ್ನೇ ಬಿಟ್ಟಿರುತ್ತಾನೆ ಅಥವಾ ಬಿಟ್ಟಿರುತ್ತಾಳೆ. ಉಪಕರಣ ತಪ್ಪು ತೋರಿಸಿದ ದಿನವೇ ಹೆಚ್ಚಿನ ಕಲಿಕೆ ನಡೆಯುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಹಿಂದಿನ ಅನುಭವ

ಕೈಯಿಂದ ಮಾಡಿ ಕಲಿಯುವ ವಿಜ್ಞಾನ ಶಿಕ್ಷಣವು ದೇಶಕ್ಕೆ ಹೊಸದಲ್ಲ. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ (ಈಗಿನ ನರ್ಮದಾಪುರಂ) 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ ಇಂತಹ ಕಾರ್ಯಕ್ರಮವೊಂದನ್ನು ಆರಂಭಿಸಿದವು. 1978ರಲ್ಲಿ ಅದನ್ನು ಇಡೀ ಜಿಲ್ಲೆಗೆ ವಿಸ್ತರಿಸಲಾಯಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆಯು ನಂತರ ಅದರ ಹೊಣೆಯನ್ನು ವಹಿಸಿಕೊಂಡಿತು. ದುಬಾರಿ ಯಂತ್ರಗಳಿಲ್ಲದೆ, ಸರಳ ಸಾಮಗ್ರಿಗಳ ಪೆಟ್ಟಿಗೆಯೊಂದಿಗೆ 6ರಿಂದ 8ನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಪ್ರಯೋಗ ನಡೆಸುತ್ತಿದ್ದರು. ಶಿಕ್ಷಕರಿಗೆ ನಿರಂತರ ತರಬೇತಿ ಇತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ಬರೆಯಲು ಅವಕಾಶವಿದ್ದು, ಪ್ರಾಯೋಗಿಕ ಭಾಗವೂ ಸೇರಿತ್ತು. 2002ರಲ್ಲಿ ಅಂದಿನ ರಾಜ್ಯ ಸರ್ಕಾರದ ತೀರ್ಮಾನದಂತೆ ಕಾರ್ಯಕ್ರಮವು ನಿಂತಿತು. ಪೆಟ್ಟಿಗೆ, ಶಿಕ್ಷಕರ ತರಬೇತಿ ಮತ್ತು ಪರೀಕ್ಷೆ ಈ ಮೂರೂ ಒಟ್ಟಿಗೆ ಸಾಗಿದ್ದು ಅದರ ವಿಶೇಷ. ಇಂದಿನ ಪ್ರಯೋಗಾಲಯಗಳಲ್ಲಿ ಪೆಟ್ಟಿಗೆ ಬಹಳ ದೊಡ್ಡದಾಗಿದೆ. ಉಳಿದೆರಡನ್ನು ಶಾಲೆಯೇ ಗಮನಿಸಿಕೊಳ್ಳಬೇಕಾಗುತ್ತದೆ.

ಅನುದಾನ ಮತ್ತು ಲೆಕ್ಕಪತ್ರ

ಈವರೆಗೆ ಮಂಜೂರಾದ ಪ್ರಯೋಗಾಲಯಗಳಿಗೆ ಗರಿಷ್ಠ 20 ಲಕ್ಷ ರೂಪಾಯಿಗಳ ಅನುದಾನ ನಿಗದಿಯಾಗಿದ್ದು, ಇದರಲ್ಲಿ 10 ಲಕ್ಷ ರೂ. ಒಂದು ಬಾರಿಯ ಸ್ಥಾಪನಾ ವೆಚ್ಚಕ್ಕೂ, ಉಳಿದ 10 ಲಕ್ಷ ರೂ. ಗರಿಷ್ಠ 5 ವರ್ಷಗಳ ನಿರ್ವಹಣಾ ವೆಚ್ಚಕ್ಕೂ ಮೀಸಲಾಗಿರುತ್ತದೆ. ಅನುದಾನವು ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಮತ್ತು ಲೆಕ್ಕಪರಿಶೋಧಿತ ವೆಚ್ಚದ ವಿವರವನ್ನು ಸಕಾಲದಲ್ಲಿ ಸಲ್ಲಿಸದಿದ್ದಲ್ಲಿ ಮುಂದಿನ ಕಂತು ತಡೆಯಾಗುವುದು ಸಹಜ.

ಲೆಕ್ಕಪತ್ರದ ಕುರಿತು ಒಂದು ಸಂಗತಿಯನ್ನು ವಿಶೇಷವಾಗಿ ತಿಳಿಸಬೇಕಾಗಿದೆ. ಸಲಕರಣೆ ಮುರಿದರೆ ಅಥವಾ ಕಳೆದುಹೋದರೆ ದಾಸ್ತಾನು ವಹಿಯಲ್ಲಿ ಕೊರತೆ ಕಂಡುಬಂದು ಲೆಕ್ಕಪರಿಶೋಧನಾ ಆಕ್ಷೇಪಣೆ ಬರಬಹುದೆಂಬ ಭಯದಿಂದ ಪ್ರಯೋಗಾಲಯಕ್ಕೆ ಬೀಗ ಹಾಕಿ, ತಪಾಸಣೆಯ ದಿನ ಮಾತ್ರ ತೆರೆಯುವ ಪ್ರವೃತ್ತಿ ಉಂಟಾಗುತ್ತದೆ. ಇದು ತಪ್ಪು ತಿಳಿವಳಿಕೆಯ ಫಲ. ಬಾಳಿಕೆ ಬರುವ ವಸ್ತುಗಳನ್ನೂ ಬಳಸಿ ಮುಗಿಯುವ ವಸ್ತುಗಳನ್ನೂ ಪ್ರತ್ಯೇಕ ವಹಿಗಳಲ್ಲಿ ನಮೂದಿಸುವುದು ಸರ್ಕಾರಿ ಲೆಕ್ಕದ ಸಾಮಾನ್ಯ ಕ್ರಮ. ತ್ರಿಆಯಾಮದ ಮುದ್ರಣ ಯಂತ್ರ, ಕೊರೆಯುವ ಯಂತ್ರ, ಮಲ್ಟಿಮೀಟರ್ ಮೊದಲನೆಯ ವಹಿಗೆ ಸೇರುತ್ತವೆ. ಎಲ್‌ಇಡಿ ದೀಪ, ರೋಧಕ, ತಂತಿ, ಬ್ಯಾಟರಿ, ಸೋಲ್ಡರಿಂಗ್ ಸೀಸ, ಮುದ್ರಣ ಯಂತ್ರದ ಪ್ಲಾಸ್ಟಿಕ್ ಎಳೆ ಇವು ಎರಡನೆಯ ವಹಿಗೆ ಸೇರತಕ್ಕವು. ವಿದ್ಯಾರ್ಥಿಯೊಬ್ಬನು ಧನ ಋಣ ತುದಿಗಳನ್ನು ಅದಲುಬದಲು ಜೋಡಿಸಿ ಸಂವೇದಕವೊಂದನ್ನು ಸುಟ್ಟರೆ ಅದನ್ನು ದಿನಾಂಕ ಸಹಿತ ಬಳಕೆ ವಹಿಯಲ್ಲಿ ದಾಖಲಿಸಿ, ಉಸ್ತುವಾರಿ ಶಿಕ್ಷಕರು ಸಹಿ ಮಾಡಿದರೆ ಅದು ಬಳಕೆಯೇ ಹೊರತು ನಷ್ಟವಲ್ಲ. ನಿರ್ವಹಣಾ ಅನುದಾನವಿರುವುದು ಇಂತಹ ವಸ್ತುಗಳನ್ನು ಮರಳಿ ಕೊಳ್ಳುವುದಕ್ಕಾಗಿಯೇ. ವರ್ಷದ ಕೊನೆಯಲ್ಲಿ ಬಳಕೆ ವಹಿಯು ಖಾಲಿಯಾಗಿದ್ದರೆ ಅದನ್ನು ಮಿತವ್ಯಯವೆಂದು ಮೆಚ್ಚುವುದಕ್ಕಿಂತ, ಕೊಠಡಿ ತೆರೆದಿತ್ತೇ ಎಂದು ಕೇಳುವುದು ಸೂಕ್ತ.

ಸುರಕ್ಷತೆಯ ಕಾರಣವನ್ನು ಮುಂದೊಡ್ಡಿ ಬೀಗ ಹಾಕುವುದೂ ಸರಿಯಲ್ಲ. ಸೋಲ್ಡರಿಂಗ್ ಕಡ್ಡಿಯ ತುದಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದರಿಂದ ಶಿಕ್ಷಕರ ಸಮ್ಮುಖದಲ್ಲಿ, ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿ, ಕಿಟಕಿ ತೆರೆದಿಟ್ಟು ಬಳಸತಕ್ಕದ್ದು. ವಿದ್ಯಾರ್ಥಿಗಳ ಮಂಡಲಗಳು 5ರಿಂದ 9 ವೋಲ್ಟ್‌ಗಳಲ್ಲಿಯೇ ನಡೆಯುವುದರಿಂದ 230 ವೋಲ್ಟ್‌ಗಳ ಗೋಡೆ ಸಂಪರ್ಕವನ್ನು ಮಕ್ಕಳು ಮುಟ್ಟುವ ಅವಶ್ಯಕತೆ ಬರುವುದಿಲ್ಲ.

ಅರ್ಹತೆ ಹಾಗೂ ಅರ್ಜಿ

ಸರ್ಕಾರ, ಸ್ಥಳೀಯ ಸಂಸ್ಥೆ ಅಥವಾ ಖಾಸಗಿ ನ್ಯಾಸ ಮತ್ತು ಸಂಘಗಳು ನಡೆಸುವ ಶಾಲೆಗಳು ಯೋಜನೆಯ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಹಿಂದಿನ ಆಯ್ಕೆಗಳಲ್ಲಿ ಬಯಲು ಪ್ರದೇಶದ ಶಾಲೆಗೆ ಕನಿಷ್ಠ 1,500 ಚದರ ಅಡಿ, ಗುಡ್ಡಗಾಡು ಹಾಗೂ ದ್ವೀಪ ಪ್ರದೇಶಗಳಲ್ಲಿ 1,000 ಚದರ ಅಡಿ ಸ್ಥಳವನ್ನು ಕೇಳಲಾಗಿತ್ತು. ಹೊಸದಾಗಿ ಘೋಷಿತವಾದ 50,000 ಪ್ರಯೋಗಾಲಯಗಳಿಗೆ ಆಯಾ ಪ್ರಕಟಣೆಯ ಮಾರ್ಗಸೂಚಿಯೇ ಅನ್ವಯಿಸುವುದರಿಂದ ಹಳೆಯ ಮೊತ್ತ ಮತ್ತು ಅಳತೆಗಳನ್ನು ನೆಚ್ಚಿಕೊಂಡು ಕಾಮಗಾರಿ ಕೈಗೊಳ್ಳಬಾರದು.

ಅರ್ಜಿಯನ್ನು ವಿದ್ಯಾರ್ಥಿಯಾಗಲಿ ಪೋಷಕರಾಗಲಿ ವೈಯಕ್ತಿಕವಾಗಿ ಸಲ್ಲಿಸುವಂತಿಲ್ಲ. ಅರ್ಜಿ ಆಹ್ವಾನಿಸಿದ ಅವಧಿಯಲ್ಲಿ ಶಾಲಾ ಮುಖ್ಯಸ್ಥರೇ ಆನ್‌ಲೈನ್ ಮೂಲಕ ಸಲ್ಲಿಸತಕ್ಕದ್ದು. ಶಾಲೆಯ ಯುಡೈಸ್ ಸಂಖ್ಯೆ, ದಾಖಲಾತಿಯ ವಿವರ, ಸ್ಥಳಾವಕಾಶದ ವಿವರ, ವಿದ್ಯುತ್ ಮತ್ತು ಅಂತರ್ಜಾಲ ಸಂಪರ್ಕದ ಮಾಹಿತಿಯನ್ನು ಮೊದಲೇ ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು. ಮಂಜೂರಾತಿ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದು.

ಪೋಷಕರು ಕೇಳಬಹುದಾದ ಪ್ರಶ್ನೆಗಳು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ವೇಳಾಪಟ್ಟಿಯಲ್ಲಿ ಪ್ರಯೋಗಾಲಯಕ್ಕೆ ವಾರಕ್ಕೆ ಎಷ್ಟು ಅವಧಿ ನೀಡಲಾಗಿದೆ, ಉಸ್ತುವಾರಿ ಶಿಕ್ಷಕರು ತರಬೇತಿ ಪಡೆದಿರುವರೇ, ಹೆಣ್ಣುಮಕ್ಕಳಿಗೂ ಉಪಕರಣ ಹಿಡಿಯುವ ಸರದಿ ಬರುತ್ತಿದೆಯೇ ಎಂದು ವಿಚಾರಿಸಲು ಸದಸ್ಯರು ಹಿಂಜರಿಯಬೇಕಾಗಿಲ್ಲ. ಕೊನೆಯ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಗುಂಪಿನಲ್ಲಿ ಹುಡುಗರು ತಂತಿ ಜೋಡಿಸುವುದು, ಹುಡುಗಿಯರು ವರದಿ ಬರೆಯುವುದು ಎಂಬ ಹಂಚಿಕೆ ಯಾರೂ ಹೇಳದೆಯೇ ಆಗಿಬಿಡುತ್ತದೆ. ಎಂಜಿನಿಯರುಗಳು ಮತ್ತು ಇತರ ವೃತ್ತಿಪರರು ಸಂಭಾವನೆಯಿಲ್ಲದೆ ಮಾರ್ಗದರ್ಶಕರಾಗಿ ನೆರವಾಗಲು ಯೋಜನೆಯಲ್ಲಿ ಅವಕಾಶವಿದೆ. ಊರಿನ ಎಲೆಕ್ಟ್ರಿಷಿಯನ್, ಬಡಗಿ ಅಥವಾ ಪಂಪ್‌ಸೆಟ್ ದುರಸ್ತಿ ಮಾಡುವವರನ್ನು ಮುಖ್ಯಸ್ಥರ ಅನುಮತಿಯೊಂದಿಗೆ ಒಂದು ದಿನ ಕರೆಸಿದರೂ ಮಕ್ಕಳಿಗೆ ಬಹಳ ಉಪಯೋಗವಾಗುತ್ತದೆ.

ಸರ್ಕಾರಿ ಶಾಲೆಯ ಅನುದಾನದ ವೆಚ್ಚ ಮತ್ತು ಬಳಕೆ ವಹಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಂದ ಕೋರಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಪ್ರಯೋಗಾಲಯ ಇಲ್ಲದ ಶಾಲೆಯ ಮಕ್ಕಳು

ಇಂತಹ ಮಕ್ಕಳು ನಿರಾಶರಾಗಬೇಕಾಗಿಲ್ಲ. ಸಮೀಪದ ಶಾಲೆಯಲ್ಲಿ ಪ್ರಯೋಗಾಲಯವಿದ್ದಲ್ಲಿ, ಎರಡೂ ಶಾಲೆಗಳ ಮುಖ್ಯಸ್ಥರು ಪರಸ್ಪರ ಪತ್ರ ವ್ಯವಹಾರ ನಡೆಸಿ ದಿನ ನಿಗದಿಪಡಿಸಿಕೊಳ್ಳಬಹುದು. ಸುತ್ತಲಿನ ಸಮುದಾಯಕ್ಕೂ ಪ್ರಯೋಗಾಲಯ ತೆರೆದಿರಬೇಕೆಂಬುದು ಯೋಜನೆಯ ಆಶಯ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಪ್ರತಿ ಶಾಲೆಯು ಮಕ್ಕಳ ಸ್ವಂತ ಆಲೋಚನೆಗಳನ್ನು ಆನ್‌ಲೈನ್ ಮೂಲಕ ಕಳುಹಿಸಬಹುದಾಗಿದ್ದು, ಆಯ್ಕೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಮಾದರಿ ತಯಾರಿಕೆಗಾಗಿ 10,000 ರೂ. ನೇರವಾಗಿ ಜಮೆಯಾಗುತ್ತದೆ. ಆದಕಾರಣ ವಿದ್ಯಾರ್ಥಿಯ ಹೆಸರಿನ ಖಾತೆ ಚಾಲ್ತಿಯಲ್ಲಿರುವುದನ್ನು ಪೋಷಕರು ಮುಂಚಿತವಾಗಿಯೇ ಖಚಿತಪಡಿಸಿಕೊಳ್ಳತಕ್ಕದ್ದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1962ರಿಂದ ಕಾರ್ಯನಿರ್ವಹಿಸುತ್ತಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ ಹಾಗೂ ಮಂಗಳೂರಿನ ಪಿಲಿಕುಳ ಪ್ರಾದೇಶಿಕ ವಿಜ್ಞಾನ ಕೇಂದ್ರಗಳಲ್ಲಿ ಮಕ್ಕಳು ತಾವೇ ಮುಟ್ಟಿ ನಡೆಸಬಹುದಾದ ಪ್ರದರ್ಶನಗಳಿವೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಸೂಚಿಸಿರುವ 10 ಚೀಲರಹಿತ ದಿನಗಳನ್ನು ಇಂತಹ ಭೇಟಿಗಳಿಗೂ, ಊರಿನ ಕುಶಲಕರ್ಮಿಗಳ ಕೆಲಸದ ಸ್ಥಳಗಳ ಭೇಟಿಗೂ ಬಳಸಿಕೊಳ್ಳಬಹುದು.

ಹೆಚ್ಚಿನ ವಿವರಗಳಿಗೆ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಪ್ರಯೋಗಾಲಯವು ಮಂಜೂರಾಗಿದ್ದೂ ತೆರೆಯದಿರುವ ಬಗ್ಗೆ ದೂರುಗಳಿದ್ದಲ್ಲಿ ಶಾಲೆಯ ಹೆಸರು, ಯುಡೈಸ್ ಸಂಖ್ಯೆ ಹಾಗೂ ಬಾಗಿಲು ಮುಚ್ಚಿರುವ ಅವಧಿಯನ್ನು ನಮೂದಿಸಿ ಅದೇ ಕಚೇರಿಗೆ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.